ವಿಜ್ಞಾನದ ಪರಿವರ್ತನೆಯೂ ಕೊಡಗಿನ ಕಾಫಿಯ ನೆರಳೂ

ಶಾಸ್ತ್ರವೆಂದರೆ ಬದಲಾಗದುದು ಎಂಬ ಭಾವನೆ ವಿದ್ಯಾವಂತರ ಮನೆಗಳಲ್ಲಿ ಇಂದಿಗೂ ಬೇರೂರಿರುವುದು. ವ್ಯಾಕರಣವನ್ನೋ ನ್ಯಾಯವನ್ನೋ ಮೀಮಾಂಸೆಯನ್ನೋ ಅಭ್ಯಾಸಮಾಡಿದವರಿಗೆ ಸೂತ್ರವು ಒಂದೇ, ವ್ಯಾಖ್ಯಾನಗಳು ಮಾತ್ರ ಹಲವು. ಆಧುನಿಕ ವಿಜ್ಞಾನವಾದರೋ ತನ್ನ ಸೂತ್ರವನ್ನೇ ತಿದ್ದಿಕೊಳ್ಳುವುದನ್ನು ಹೆಮ್ಮೆಯ ವಿಷಯವೆಂದು ಎಣಿಸುವುದು. ನಿನ್ನೆ ಪಾಠಹೇಳಿದುದನ್ನು ಇಂದು ತಪ್ಪೆನ್ನುವುದು. ಇಂದು ಹೇಳಿದುದನ್ನು ನಾಳೆ ಏನೆನ್ನುವುದೋ ತಿಳಿಯದು. ಇದನ್ನು ಕಂಡು ಕೆಲವರು, ವಿಜ್ಞಾನದ ಪ್ರಾಮಾಣಿಕತೆಯೆಂದರೆ ಇದೇ ಎನ್ನುವರು. ಮತ್ತೆ ಕೆಲವರು, ಇದಕ್ಕೆ ನೆಲೆಯೇ ಇಲ್ಲವೆನ್ನುವರು. ಇವರಿಬ್ಬರೂ ಕೇಳದೆ ಬಿಟ್ಟಿರುವ ಪ್ರಶ್ನೆಯೊಂದುಂಟು: ವಿಜ್ಞಾನವು ಬದಲಾಗುವುದಾದರೂ ಯಾವ ಕಾರಣದಿಂದ?

ಈ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಪಾಶ್ಚಾತ್ಯ ವಿದ್ವಾಂಸರು ಕೊಟ್ಟ ಉತ್ತರಗಳು ಎರಡು ಪಂಗಡಗಳಾಗಿ ನಿಂತಿವೆ. ತತ್ತ್ವಶಾಸ್ತ್ರಜ್ಞರು ಯುಕ್ತಿಯನ್ನು ಕಾರಣವೆನ್ನುವರು. ಸಮಾಜಶಾಸ್ತ್ರಜ್ಞರು ಸಮಾಜವನ್ನು ಕಾರಣವೆನ್ನುವರು. ಈ ವಾದಗಳ ಹೆಸರುಗಳು ಕನ್ನಡದ ವಾಚಕರ ಕಿವಿಗೆ ಬಿದ್ದಿರುವುವಾದರೂ, ಅವುಗಳನ್ನು ಇಲ್ಲಿಯ ಅನುಭವಕ್ಕೆ ಒರೆಹಚ್ಚಿ ನೋಡುವ ಕೆಲಸವು ವಿರಳವಾಗಿಯೇ ನಡೆದಿರುವುದು. ಕೊಪರ್ನಿಕಸನ ಸೂರ್ಯನೂ ಲವಾಸಿಯೆಯ ಪ್ರಾಣವಾಯುವೂ ದೂರದ ದೃಷ್ಟಾಂತಗಳು. ಕೊಡಗಿನ ಮನೆಯ ಜಗಲಿಯಿಂದ ಕಾಣುವ ದೃಷ್ಟಾಂತವೊಂದಿರುವಾಗ ಅದನ್ನೇ ಮುಂದಿಟ್ಟುಕೊಂಡು ಎರಡು ಪಕ್ಷಗಳನ್ನೂ ಪರೀಕ್ಷಿಸುವುದು ಯುಕ್ತವು. ಆ ದೃಷ್ಟಾಂತವು ಯಾವುದೆಂದರೆ, ಕಾಫಿ ಗಿಡಕ್ಕೆ ನೆರಳು ಬೇಕೇ ಬೇಡವೇ ಎಂಬ ವಿಷಯದಲ್ಲಿ ತಿಳಿವಳಿಕೆಯು ಹಲವು ಸಲ ಮಗ್ಗುಲು ಬದಲಾಯಿಸಿದ ಕಥೆ.

ಮೊದಲು ಪೂರ್ವಪಕ್ಷಗಳನ್ನು ತಿಳಿಯಬೇಕು.

ತತ್ತ್ವಶಾಸ್ತ್ರಜ್ಞರಲ್ಲಿ ಮೊದಲು ಹೇಳಬೇಕಾದವನು ಕಾರ್ಲ್ ಪಾಪರ್. ೧೯೩೪ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಗಿ ೧೯೫೯ರಲ್ಲಿ ಇಂಗ್ಲಿಷಿಗೆ ಬಂದ ಅವನ ಗ್ರಂಥದ ಸಾರವಿಷ್ಟು: ಯಾವ ಸಾಮಾನ್ಯ ನಿಯಮವನ್ನೂ ಎಷ್ಟೇ ಉದಾಹರಣೆಗಳಿಂದಲೂ ಸ್ಥಾಪಿಸಲಾಗದು, ಆದರೆ ಒಂದೇ ಒಂದು ವಿರುದ್ಧ ಉದಾಹರಣೆಯಿಂದ ಅದನ್ನು ಖಂಡಿಸಬಹುದು. ಆದುದರಿಂದ ವಿಜ್ಞಾನವು ಖಂಡನೆಯಿಂದ ಮುಂದುವರಿಯುವುದೇ ಹೊರತು ಮಂಡನೆಯಿಂದಲ್ಲ. ನೈಯಾಯಿಕರಿಗೆ ಇದು ಹೊಸ ಮಾತಾಗಿ ತೋರದು. ವ್ಯಭಿಚಾರವು ಕಂಡಲ್ಲಿ ವ್ಯಾಪ್ತಿಯು ಮುರಿಯುವುದೆಂಬುದನ್ನು ಅವರು ಬಹುಕಾಲದಿಂದ ಬಲ್ಲರು.

೧೯೬೨ರಲ್ಲಿ ಅಮೆರಿಕದ ಥಾಮಸ್ ಕೂನ್ ವೈಜ್ಞಾನಿಕ ಕ್ರಾಂತಿಗಳ ಸ್ವರೂಪವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಬೇರೊಂದು ಚಿತ್ರವನ್ನು ಬರೆದನು. ವಿಜ್ಞಾನಿಗಳು ದಿನವೂ ತಮ್ಮ ಮೂಲಸಿದ್ಧಾಂತವನ್ನು ಖಂಡಿಸಲು ಹೊರಡುವವರಲ್ಲ. ಒಂದು ಮಾದರಿಯನ್ನು ಒಪ್ಪಿಕೊಂಡು ಅದರೊಳಗಿನ ತೊಡಕುಗಳನ್ನು ಬಿಡಿಸುತ್ತಿರುವವರು. ಬಿಡಿಸಲಾಗದ ತೊಡಕುಗಳು ಗುಡ್ಡೆಯಾದಾಗ ಸಂಕಟವು ಹುಟ್ಟುವುದು. ಆಗ ಹೊಸ ಮಾದರಿಯೊಂದು ಹಳೆಯದನ್ನು ತಳ್ಳಿ ನಿಲ್ಲುವುದು. ಎರಡು ಮಾದರಿಗಳಿಗೂ ಸಮಾನವಾದ ಅಳತೆಗೋಲು ಇಲ್ಲದಿರುವುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವುದು ಮತಾಂತರದಂತಿರುವುದು. ಕೂನನ ಈ ‘ಮಾದರಿ’ ಎಂಬ ಪದವು ಎಷ್ಟು ಸಡಿಲವಾದುದೆಂದರೆ, ಮಾರ್ಗರೆಟ್ ಮಾಸ್ಟರ್‌ಮನ್ ಎಂಬ ವಿದುಷಿಯು ಅವನ ಗ್ರಂಥದಲ್ಲಿಯೇ ಅದಕ್ಕೆ ೨೧ ಅರ್ಥಗಳನ್ನು ಎಣಿಸಿದಳು. ಮುಂದಿನ ಆವೃತ್ತಿಗೆ ಸೇರಿಸಿದ ಅನುಬಂಧದಲ್ಲಿ ಅವನೇ ಆ ಪದವನ್ನು ಬಿಗಿಮಾಡಬೇಕಾಯಿತು. ಸಂಸ್ಕೃತದಲ್ಲಿ ‘ಪ್ರಸ್ಥಾನ’ವೆಂಬ ಶಬ್ದವು ಈ ಅರ್ಥಕ್ಕೆ ಸಮೀಪವಾಗಿರುವುದು: ಎಲ್ಲಿಂದ ಹೊರಡಬೇಕು, ಏನನ್ನು ಪ್ರಮಾಣವೆನ್ನಬೇಕು, ಯಾವ ಪ್ರಶ್ನೆಯು ಪ್ರಶ್ನೆಯೆನಿಸುವುದು ಎಂಬವೆಲ್ಲವನ್ನೂ ಅದು ಒಳಗೊಳ್ಳುವುದು. ೧೯೭೦ರಲ್ಲಿ ಇಮ್ರೆ ಲಕಟೋಶ್ ಎಂಬವನು ಪಾಪರ್ ಮತ್ತು ಕೂನರ ನಡುವೆ ಸಂಧಿಯನ್ನು ಮಾಡಲೆತ್ನಿಸಿದನು. ಪ್ರತಿ ಸಿದ್ಧಾಂತಕ್ಕೂ ಒಳಗೆ ಗಟ್ಟಿ ತಿರುಳೂ ಹೊರಗೆ ಕಾಪಿನ ಬೇಲಿಯೂ ಇರುವುವು. ಪೆಟ್ಟು ಬಿದ್ದಾಗ ಬೇಲಿಯನ್ನು ತಿದ್ದುವರಲ್ಲದೆ ತಿರುಳನ್ನು ಮುಟ್ಟರು ಎಂಬುದು ಅವನ ಮತ.

ಇನ್ನು ಸಮಾಜಶಾಸ್ತ್ರದ ಪಕ್ಷ. ೧೯೩೧ರಲ್ಲಿ ಲಂಡನ್ ನಗರದ ಸಮ್ಮೇಳನವೊಂದರಲ್ಲಿ ರಷ್ಯದ ಬೋರಿಸ್ ಹೆಸೆನ್, ನ್ಯೂಟನ್ನನ ಮಹಾಗ್ರಂಥವು ಆ ಕಾಲದ ನೌಕಾಯಾನ, ಗಣಿ, ಯುದ್ಧ ಇವುಗಳ ಅಗತ್ಯಗಳಿಂದ ಹುಟ್ಟಿತೆಂದು ವಾದಿಸಿ ಸಭಿಕರನ್ನು ಬೆರಗುಗೊಳಿಸಿದನು. ೧೯೩೫ರಲ್ಲಿ ಪೋಲೆಂಡಿನ ವೈದ್ಯ ಲುಡ್ವಿಕ್ ಫ್ಲೆಕ್, ರೋಗದ ವಿಷಯದಲ್ಲಿ ‘ಸಂಗತಿ’ಯೆಂದು ಕರೆಯಲ್ಪಡುವುದು ಒಬ್ಬನ ಕಣ್ಣಿಗೆ ಬೀಳುವುದಲ್ಲ, ಒಂದು ಕೂಟದ ಕಣ್ಣಿಗೆ ಬೀಳುವುದು ಎಂದು ತೋರಿಸಿದನು. ೧೯೭೬ರಲ್ಲಿ ಎಡಿನ್‌ಬರೊದ ಡೇವಿಡ್ ಬ್ಲೂರ್ ಇದನ್ನು ಕೊನೆಯವರೆಗೆ ಒಯ್ದನು. ಸರಿಯೆನಿಸಿದ ನಂಬಿಕೆಯನ್ನು ಯುಕ್ತಿಯಿಂದಲೂ ತಪ್ಪೆನಿಸಿದುದನ್ನು ಸಮಾಜದಿಂದಲೂ ವಿವರಿಸುವುದು ಪಕ್ಷಪಾತವು; ಎರಡನ್ನೂ ಒಂದೇ ಜಾತಿಯ ಕಾರಣಗಳಿಂದ ವಿವರಿಸಬೇಕು ಎಂಬುದು ಅವನ ಸಮತಾನಿಯಮ. ಅಧಿಕಾರ, ಹಿತಾಸಕ್ತಿ, ಪ್ರತಿಷ್ಠೆ ಇವು ತಪ್ಪನ್ನು ಹೇಗೆ ಹುಟ್ಟಿಸುವುವೋ ಸರಿಯನ್ನೂ ಹಾಗೆಯೇ ಹುಟ್ಟಿಸುವುವು ಎಂಬ ತಾತ್ಪರ್ಯವನ್ನು ಅವನ ಅನುಯಾಯಿಗಳಲ್ಲಿ ಹಲವರು ಇದರಿಂದ ತೆಗೆದರು.

ಪೂರ್ವಪಕ್ಷಗಳು ಇಷ್ಟು. ಇನ್ನು ದೃಷ್ಟಾಂತಕ್ಕೆ ಬರುವುದು.

ಯೂರೋಪಿಯನ್ನರು ಬರುವುದಕ್ಕೆ ಮೊದಲೇ ಕೊಡಗಿನಲ್ಲಿ ಕಾಫಿ ಗಿಡವಿದ್ದಿತು. ಆದರೆ ವಿಸ್ತಾರವಾದ ತೋಟಗಳಿರಲಿಲ್ಲ. ೧೮೫೪ರಲ್ಲಿ ಫೌಲರ್ ಎಂಬಾತನು ಮಡಿಕೇರಿಯಲ್ಲಿ ಮೊದಲನೆಯ ಯೂರೋಪಿಯನ್ ತೋಟವನ್ನು ತೆರೆದನು. ಅಲ್ಲಿಂದ ಮುಂದೆ ಘಟ್ಟದ ಇಳಿಜಾರುಗಳಲ್ಲಿ ತೋಟಗಳು ಒಂದರಮೇಲೊಂದು ಎದ್ದುವು. ಆ ಕಾಲದಲ್ಲಿ ಕಾಫಿಯ ವಿಷಯದಲ್ಲಿ ಪ್ರಮಾಣವೆನಿಸಿದುದು ಸಿಂಹಳದ ಕೃಷಿ. ಅಲ್ಲಿ ಕಾಡನ್ನು ಬುಡಸಹಿತ ಕಡಿದು, ಸುಟ್ಟು, ಬಯಲಾದ ನೆಲದಲ್ಲಿ ಗಿಡಗಳನ್ನು ಸಾಲಾಗಿ ನೆಡುತ್ತಿದ್ದರು. ಬಿಸಿಲು ಹೆಚ್ಚಾದಷ್ಟೂ ಹೂವು ಹೆಚ್ಚು, ಹೂವು ಹೆಚ್ಚಾದಷ್ಟೂ ಹಣ್ಣು ಹೆಚ್ಚು ಎಂಬುದು ಅವರ ಸಿದ್ಧಾಂತ. ಇದು ಸುಳ್ಳಾಗಿರಲಿಲ್ಲ; ಸಿಂಹಳದ ತೋಟಗಳ ಲೆಕ್ಕವೇ ಅದಕ್ಕೆ ಸಾಕ್ಷಿಯಾಗಿದ್ದಿತು. ಕೊಡಗಿನಲ್ಲಿಯೂ ಹಲವರು ಅದೇ ಕ್ರಮವನ್ನು ಅನುಸರಿಸಿದರು. ಮೊದಲ ಕೆಲವು ವರ್ಷಗಳ ಫಸಲು ಅವರ ನಂಬಿಕೆಯನ್ನು ಬಲಪಡಿಸಿತು.

೧೮೬೦ರ ದಶಕದ ಉತ್ತರಾರ್ಧದಲ್ಲಿ ಗಿಡಗಳು ಹಳದಿಗಟ್ಟಿ, ಬಾಡಿ, ಕೈಯಿಂದ ತಳ್ಳಿದರೆ ಮುರಿದುಬೀಳತೊಡಗಿದುವು. ಕಾಂಡವನ್ನು ಸೀಳಿ ನೋಡಿದರೆ ಒಳಗೆ ಸುರಂಗ, ಸುರಂಗದಲ್ಲಿ ಬಿಳಿಯ ಹುಳು. ತೋಟಗಾರರು ಇಂದಿಗೂ ‘ಬೋರರ್’ ಎಂದು ಕರೆಯುವ ಬಿಳಿ ಕಾಂಡಕೊರಕವೇ ಇದು. ದುಂಬಿಯು ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವುದು. ಮರಿಯು ಒಳಕ್ಕೆ ಕೊರೆಯುವುದು. ಹಾನಿಯು ಎಷ್ಟಾಯಿತೆಂದರೆ ಮದರಾಸಿನ ಸರಕಾರವು ಜಾರ್ಜ್ ಬಿಡೀ ಎಂಬ ಸೇನಾವೈದ್ಯನನ್ನು ವಿಚಾರಣೆಗೆ ನೇಮಿಸಿತು. ಅವನ ವರದಿಯು ೧೮೬೯ರಲ್ಲಿ ಮುದ್ರಿತವಾಯಿತು. ಈ ಹುಳು ಹೊರಗಿನಿಂದ ಬಂದುದಲ್ಲ, ಈ ಕಾಡುಗಳದೇ. ಬೇಸಗೆಯ ಒಣ ಹವೆಯೂ ನೆರಳಿಲ್ಲದಿರುವುದೂ ಅದರ ಹೆಚ್ಚಳಕ್ಕೆ ಅನುಕೂಲವಾದುವು. ಆದುದರಿಂದ ತೋಟಕ್ಕೆ ನೆರಳು ಮರಗಳು ಬೇಕು ಎಂಬುದು ಅದರ ಮುಖ್ಯಾಭಿಪ್ರಾಯಗಳು. ಬಿಸಿಲು ಬೀಳುವ ಕಾಂಡವನ್ನೇ ದುಂಬಿಯು ಹೆಚ್ಚಾಗಿ ಆರಿಸುವುದೆಂಬುದನ್ನು ಮುಂದಿನ ಸಂಶೋಧನೆಗಳೂ ಸಮರ್ಥಿಸಿರುವುವು. ಅಷ್ಟರಲ್ಲಿ ಸಿದ್ದಾಪುರ, ಪಾಲಿಬೆಟ್ಟಗಳ ಕಡೆಯ ಬಿದಿರು ಸೀಮೆಯಲ್ಲಿ ಬಿದಿರನ್ನು ತೆಗೆದು ದೊಡ್ಡ ಮರಗಳನ್ನು ನೆರಳಿಗೆ ಉಳಿಸಿಕೊಂಡ ತೋಟಗಳು ಏಳತೊಡಗಿದುವು. ನೆರಳಿಲ್ಲದ ಘಟ್ಟದ ತೋಟಗಳಲ್ಲಿ ಹಲವು ಹಾಳುಬಿದ್ದುವು. ೧೮೯೪ರಲ್ಲಿ ಮೈಸೂರು ಸೀಮೆಯ ತೋಟಗಾರ ಎಲಿಯಟ್ ತನ್ನ ಗ್ರಂಥವನ್ನು ಬರೆಯುವ ಹೊತ್ತಿಗೆ ನೆರಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಡಬೇಕಾಗಿದ್ದಿತು. ಒಂದು ತಲೆಮಾರಿನೊಳಗೆ ಸಿದ್ಧಾಂತವು ತಲೆಕೆಳಗಾಯಿತು.

ಈಗ ಪರೀಕ್ಷೆ. ಪಾಪರನ ಮತದಂತೆ ‘ಬಯಲಿನ ಕಾಫಿಯು ಏಳಿಗೆಯಾಗುವುದು’ ಎಂಬ ನಿಯಮವು ಕಾಂಡಕೊರಕದಿಂದ ಖಂಡಿತವಾಯಿತೆನ್ನಬೇಕು. ಆದರೆ ನಿಜವಾಗಿ ಖಂಡಿತವಾದುದು ಯಾವುದು? ಸಿಂಹಳದಲ್ಲಿ ಆ ನಿಯಮವು ನಿಂತೇ ಇದ್ದಿತು. ಇಲ್ಲಿ ನೈಯಾಯಿಕರ ‘ಉಪಾಧಿ’ಯೆಂಬ ವಿಚಾರವು ಪಾಪರನ ಖಂಡನೆಗಿಂತ ಸೂಕ್ಷ್ಮವಾಗಿ ಕೆಲಸಮಾಡುವುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟು ಎಂಬ ಮಾತು ಹಸಿ ಕಟ್ಟಿಗೆಯೆಂಬ ಉಪಾಧಿಯನ್ನು ಮರೆತುದರಿಂದ ದುಷ್ಟವಾಗುವುದಷ್ಟೆ. ಹಾಗೆಯೇ ಬಿಸಿಲಿದ್ದಲ್ಲಿ ಫಸಲುಂಟು ಎಂಬ ಮಾತು, ವರ್ಷದ ಎರಡು ಮಳೆಗಾಲಗಳಲ್ಲಿಯೂ ನೆನೆಯುವ ಸಿಂಹಳದ ಬೆಟ್ಟಗಳ ತಂಪೆಂಬ ಉಪಾಧಿಯನ್ನು ಹೊತ್ತುಕೊಂಡಿದ್ದಿತು. ಕೊಡಗಿನಲ್ಲಿ ಮುಂಗಾರು ಎಷ್ಟೇ ಸುರಿದರೂ ಅನಂತರ ಹೂಮಳೆಯವರೆಗೆ ತಿಂಗಳುಗಟ್ಟಲೆ ಒಣ ಕಾಲವು. ಉಪಾಧಿಯು ಹೋದೊಡನೆ ವ್ಯಾಪ್ತಿಯೂ ಹೋಯಿತು. ಆದುದರಿಂದ ಇಲ್ಲಿ ನಡೆದುದು ಸುಳ್ಳಿನ ಖಂಡನೆಯಲ್ಲ, ಸತ್ಯದ ಎಲ್ಲೆಯ ನಿರ್ಣಯ. ವಿಜ್ಞಾನದ ಬಹುಪಾಲು ಬದಲಾವಣೆಗಳು ಈ ಜಾತಿಯವು. ಇದನ್ನು ಖಂಡನೆಯೆಂದು ಕರೆದರೆ ಸಾಮಾನ್ಯ ಓದುಗನು, ಹಿಂದಿನವರು ಮೂಢರಾಗಿದ್ದರೆಂದು ತಪ್ಪಾಗಿ ತಿಳಿಯುವನು.

ಕೂನನ ಚಿತ್ರವು ಈ ಕಥೆಗೆ ಒಂದು ಮಟ್ಟಿಗೆ ಹೊಂದುವುದು. ಪ್ರಸ್ಥಾನವೊಂದಿದ್ದಿತು, ತೊಡಕುಗಳು ಬಂದುವು, ಸಂಕಟವು ಹುಟ್ಟಿತು, ಹೊಸ ಪ್ರಸ್ಥಾನವು ನಿಂತಿತು. ಆದರೆ ಎರಡಕ್ಕೂ ಸಮಾನವಾದ ಅಳತೆಗೋಲಿಲ್ಲವೆಂಬ ಅವನ ಮಾತು ಇಲ್ಲಿ ನಿಲ್ಲದು. ಬಯಲು ಪಕ್ಷದವರೂ ನೆರಳು ಪಕ್ಷದವರೂ ಒಂದೇ ತಕ್ಕಡಿಯಲ್ಲಿ ಫಸಲನ್ನು ತೂಗಿದರು, ಒಂದೇ ರೀತಿಯಲ್ಲಿ ಸತ್ತ ಗಿಡಗಳನ್ನು ಎಣಿಸಿದರು. ಗಿಡವು ಸತ್ತಿತೇ ಬದುಕಿತೇ ಎಂಬಲ್ಲಿ ಭಾಷೆಯ ತೊಡಕೇನೂ ಇರಲಿಲ್ಲ. ಕೂನನು ತನ್ನ ದೃಷ್ಟಾಂತಗಳನ್ನು ಬಹುಮಟ್ಟಿಗೆ ಜ್ಯೋತಿಷ, ಭೌತ, ರಸಾಯನ ಶಾಸ್ತ್ರಗಳಿಂದ ಆರಿಸಿದುದು ಇದಕ್ಕೆ ಕಾರಣವಿರಬಹುದು. ಆಕಾಶವನ್ನು ನೋಡುವವನು ಬೇರೆ ಬೇರೆ ಬಗೆಯಲ್ಲಿ ನೋಡಿಯೂ ಊಟಮಾಡಬಲ್ಲನು. ತೋಟವನ್ನು ನೋಡುವವನಿಗೆ ತಪ್ಪಾಗಿ ನೋಡಿದುದರ ಫಲವು ಆ ವರ್ಷದ ಲೆಕ್ಕದಲ್ಲಿಯೇ ಕಾಣಿಸುವುದು.

ಸಮಾಜಪಕ್ಷದವರು ಇಲ್ಲಿ ಕೇಳುವ ಪ್ರಶ್ನೆಗಳು ಹರಿತವಾದವು. ಬಾಬಾಬುಡನ್ ಗಿರಿಯ ಸುತ್ತಲೂ ಈ ನಾಡಿನ ರೈತರು ಬಹುಕಾಲದಿಂದ ಮರಗಳ ಕೆಳಗೇ ಕಾಫಿಯನ್ನು ಬೆಳೆದಿದ್ದರಲ್ಲವೇ? ಆ ತಿಳಿವಳಿಕೆಯು ೧೮೫೪ರಲ್ಲಿಯೂ ಇದ್ದಿತು. ಅದು ‘ವಿಜ್ಞಾನ’ವೆನಿಸದೆ ‘ರೂಢಿ’ಯೆನಿಸಿದುದು ಏಕೆ? ಸಿಂಹಳದಿಂದ ಬಂದ ಪದ್ಧತಿಯು ಆಳುವವರ ಪದ್ಧತಿಯಾದುದರಿಂದಲ್ಲವೇ? ಅದೇ ಮಾತು ಸರಕಾರದ ವೈದ್ಯನ ಲೇಖನಿಯಿಂದ ಇಂಗ್ಲಿಷಿನಲ್ಲಿ ಮುದ್ರಿತವಾದಮೇಲೆ ವಿಜ್ಞಾನವಾಯಿತು. ಇದನ್ನು ಯಾವ ತತ್ತ್ವಶಾಸ್ತ್ರಜ್ಞನೂ ಅಲ್ಲಗಳೆಯಲಾರನು. ಮಾತಿನ ಸತ್ಯವು ಆಡುವವನ ಸ್ಥಾನವನ್ನು ಅವಲಂಬಿಸದಿರಬಹುದು. ಆ ಮಾತಿಗೆ ದೊರೆಯುವ ಕಿವಿಯು ಮಾತ್ರ ಅದನ್ನು ಅವಲಂಬಿಸುವುದು. ಆಪ್ತವಾಕ್ಯವು ಪ್ರಮಾಣವೆಂದು ಒಪ್ಪುವವರು ‘ಆಪ್ತನು ಯಾರು’ ಎಂಬುದನ್ನು ಸಮಾಜವು ಹೇಗೆ ನಿರ್ಣಯಿಸುವುದೆಂದು ಕೇಳಲೇಬೇಕು. ಈ ಪ್ರಶ್ನೆಯನ್ನು ಬಲವಾಗಿ ಎತ್ತಿದುದು ಸಮಾಜಶಾಸ್ತ್ರಜ್ಞರ ದೊಡ್ಡ ಉಪಕಾರ.

ಆದರೆ ಸಮತಾನಿಯಮದಿಂದ ತೆಗೆದ ಆ ತಾತ್ಪರ್ಯವು ಈ ಪರೀಕ್ಷೆಯನ್ನು ತಡೆದುಕೊಳ್ಳದು. ಅನ್ವಯವ್ಯತಿರೇಕಗಳಿಂದ ನೋಡಲಿ. ಯೂರೋಪಿಯನ್ ತೋಟಗಾರರ ಹಿತಾಸಕ್ತಿಯು ಲಾಭ. ಅವರ ಪ್ರತಿಷ್ಠೆ, ಅಧಿಕಾರ, ಸಂಘಟನೆ ಎಲ್ಲವೂ ೧೮೫೪ರಲ್ಲಿ ಹೇಗಿದ್ದುವೋ ೧೮೭೫ರಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಇದ್ದುವು. ಅದೇ ಹಿತಾಸಕ್ತಿಯು ಮೊದಲು ಮರಗಳನ್ನು ಕಡಿಸಿತು, ಅನಂತರ ಮರಗಳನ್ನು ನೆಡಿಸಿತು. ಕಾರಣವೆಂದು ಹೇಳಿದುದು ಎರಡೂ ಸಂದರ್ಭಗಳಲ್ಲಿ ಒಂದೇ, ಕಾರ್ಯವು ಮಾತ್ರ ಪರಸ್ಪರವಿರುದ್ಧ. ಹಾಗಿರುವಾಗ ಆ ವ್ಯತ್ಯಾಸಕ್ಕೆ ಅದು ಕಾರಣವಾಗಲಾರದು. ನಡುವೆ ಹೊಸದಾಗಿ ಬಂದುದು ಯಾವುದೆಂದು ಹುಡುಕಿದರೆ ದೊರೆಯುವುದು ಒಂದೇ: ಕಾಂಡದೊಳಗಿನ ಹುಳು. ಹುಳುವಿಗೆ ತೋಟದ ಒಡೆಯನು ಯಾರೆಂಬುದು ತಿಳಿಯದು. ಸಮಾಜವು ಯಾರ ಮಾತನ್ನು ಕೇಳಬೇಕೆಂಬುದನ್ನು ನಿರ್ಣಯಿಸಬಹುದು, ಎಷ್ಟು ತಡವಾಗಿ ಕೇಳಬೇಕೆಂಬುದನ್ನೂ ನಿರ್ಣಯಿಸಬಹುದು. ಏನನ್ನು ಕೇಳಿದರೆ ಗಿಡವು ಉಳಿಯುವುದೆಂಬುದನ್ನು ನಿರ್ಣಯಿಸಲಾರದು.

ಇಲ್ಲಿಗೆ ವಿಚಾರವು ಮುಗಿಯಿತೆಂದು ತತ್ತ್ವಶಾಸ್ತ್ರಜ್ಞರು ಸಂತೋಷಪಡುವಂತಿಲ್ಲ. ಎರಡು ಪಕ್ಷಗಳನ್ನೂ ಒಟ್ಟಿಗೆ ಕಂಗೆಡಿಸುವ ಇನ್ನೊಂದು ಸಂಗತಿಯು ಅದೇ ಕಾಫಿಯಲ್ಲಿರುವುದು. ಅದು ಎಲೆ ತುಕ್ಕು ರೋಗದ ಚರಿತ್ರೆ.

೧೮೬೯ರಲ್ಲಿಯೇ ಸಿಂಹಳದ ಕಾಫಿ ಎಲೆಗಳಲ್ಲಿ ಕಿತ್ತಳೆ ಬಣ್ಣದ ಪುಡಿಯು ಕಾಣಿಸಿ, ಬರ್ಕ್‌ಲಿ ಮತ್ತು ಬ್ರೂಮ್ ಎಂಬ ವಿದ್ವಾಂಸರು ಆ ಶಿಲೀಂಧ್ರಕ್ಕೆ ಹೆಸರಿಟ್ಟರು. ಸ್ವಲ್ಪಕಾಲದಲ್ಲಿಯೇ ಅದು ದಕ್ಷಿಣ ಭಾರತಕ್ಕೂ ಬಂದಿತು. ಮಣ್ಣು ಸತ್ತಗೆಟ್ಟುದರ ಗುರುತು ಇದೆಂದು ಕೆಲವರೂ ಹವೆಯ ದೋಷವೆಂದು ಕೆಲವರೂ ಹೇಳುತ್ತಿದ್ದರು. ೧೮೮೦ರಿಂದ ೧೮೮೨ರವರೆಗೆ ಸಿಂಹಳದಲ್ಲಿ ಸಂಶೋಧನೆ ನಡೆಸಿದ ಮಾರ್ಷಲ್ ವಾರ್ಡ್, ಬೀಜಾಣುವು ಎಲೆಯ ಮೇಲಿನ ನೀರ ಹನಿಯಲ್ಲಿ ಮೊಳೆತು ಒಳಹೊಗುವುದನ್ನು ತೋರಿಸಿ ಆ ವಿವಾದವನ್ನು ಮುಗಿಸಿದನು. ಬೆಟ್ಟದಿಂದ ಬೆಟ್ಟಕ್ಕೆ ಒಂದೇ ಬೆಳೆಯನ್ನು ಹಬ್ಬಿಸಿದುದೇ ರೋಗಕ್ಕೆ ದಾರಿಯಾಯಿತೆಂದೂ ಎಚ್ಚರಿಸಿದನು. ಸಿಂಹಳವು ಕಾಫಿಯನ್ನು ಬಿಟ್ಟು ಚಹಕ್ಕೆ ಹೋಯಿತು. ಒಂದು ಕಾಲದಲ್ಲಿ ಕೊಡಗಿಗೆ ಗುರುವಾಗಿದ್ದ ನಾಡಿನಲ್ಲಿ ಆ ಬೆಳೆಯೇ ಅಳಿದುಹೋಯಿತು. ಕೊಡಗಿನ ನೆರಳಿನ ತೋಟಗಳು ಪೆಟ್ಟುತಿಂದರೂ ಉಳಿದುವು.

೧೯೧೧ರಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ತೋಟಗಾರನು ತುಕ್ಕು ಹಿಡಿಯದ ಗಿಡವೊಂದನ್ನು ಗುರುತಿಸಿ ಅದರ ಬೀಜವನ್ನು ಹಬ್ಬಿಸಿದನು. ‘ಕೆಂಟ್ಸ್’ ತಳಿಯು ನಾಡಿನ ಆಸೆಯಾಯಿತು. ಕೆಲಕಾಲದಮೇಲೆ ಅದಕ್ಕೂ ತುಕ್ಕು ಹಿಡಿಯಿತು. ಕೆಂಟನು ತಪ್ಪು ಹೇಳಿದ್ದನೇ? ಇಲ್ಲ. ೧೯೨೫ರಲ್ಲಿ ಸ್ಥಾಪಿತವಾದ ಬಾಳೆಹೊನ್ನೂರಿನ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ಮೇನ್, ೧೯೩೦ರ ದಶಕದಲ್ಲಿ ತುಕ್ಕಿನ ಶಿಲೀಂಧ್ರವು ಒಂದೇ ಅಲ್ಲ, ಅದರಲ್ಲಿ ಹಲವು ಪ್ರಭೇದಗಳುಂಟು ಎಂದು ಕಂಡುಹಿಡಿದನು. ಒಂದನ್ನು ತಡೆಯುವ ಗಿಡವು ಇನ್ನೊಂದಕ್ಕೆ ಬಲಿಯಾಗುವುದು. ಆ ಜ್ಞಾನದ ಆಧಾರದಮೇಲೆ ೧೯೪೦ರ ದಶಕದಲ್ಲಿ ಎಸ್. ೭೯೫ ಎಂಬ ತಳಿಯು ಹೊರಬಂದಿತು. ೧೯೪೬ರಲ್ಲಿ ಕೊಡಗಿನ ಚೆಟ್ಟಳ್ಳಿಯಲ್ಲಿಯೂ ಸಂಶೋಧನಾ ಉಪಕೇಂದ್ರವು ಆರಂಭವಾಯಿತು. ೧೯೮೦ರ ದಶಕದಲ್ಲಿ ಕೊಡಗಿನ ನದಿಯ ಹೆಸರನ್ನೇ ಹೊತ್ತ ‘ಕಾವೇರಿ’ ತಳಿಯು ರೋಗನಿರೋಧಕವೆಂಬ ಕೀರ್ತಿಯೊಡನೆ ಬಂದಿತು. ಕೆಲವು ವರ್ಷಗಳಲ್ಲಿ ಅದರ ನಿರೋಧಶಕ್ತಿಯೂ ಸೋತಿತು. ಇಂದು ಜಗತ್ತಿನಲ್ಲಿ ಗುರುತಿಸಲ್ಪಟ್ಟ ತುಕ್ಕಿನ ಪ್ರಭೇದಗಳು ೫೦ನ್ನು ಮೀರಿವೆ.

ಇಲ್ಲಿ ಬದಲಾದುದು ಯಾವುದು? ಪಾಪರನೂ ಕೂನನೂ ಲಕಟೋಶನೂ, ಅವರ ಎದುರಾಳಿಯಾದ ಬ್ಲೂರನೂ, ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡಂತಿರುವುದು: ಜ್ಞೇಯವು ಸ್ಥಿರ, ಜ್ಞಾನವು ಚರ. ಸೂರ್ಯನು ಮೊದಲಿನಂತೆಯೇ ಇರುವನು. ಅವನನ್ನು ಕುರಿತ ಮಾತುಗಳು ಬದಲಾಗುವುವು. ಗ್ರಹಗತಿಯ ವಿಷಯದಲ್ಲಿ ಇದು ಸರಿ. ಕೇರಳದ ಪರಮೇಶ್ವರನು ೧೪೩೧ರಲ್ಲಿ ದೃಗ್ಗಣಿತವನ್ನು ರಚಿಸಿ, ಹಿಂದಿನ ಲೆಕ್ಕವನ್ನು ಕಣ್ಣಿಗೆ ಕಂಡ ಗ್ರಹಣಗಳಿಗೆ ಹೊಂದುವಂತೆ ತಿದ್ದಿದಾಗ ಆಕಾಶವು ಅವನಿಗಾಗಿ ತನ್ನ ನಿಯಮವನ್ನು ಬದಲಾಯಿಸಲಿಲ್ಲ. ಆದರೆ ತುಕ್ಕಿನ ವಿಷಯದಲ್ಲಿ ಜ್ಞೇಯವೇ ಚಲಿಸಿತು. ಅದು ತಾನಾಗಿಯೂ ಚಲಿಸಲಿಲ್ಲ. ಒಂದೇ ತಳಿಯನ್ನು ಸಾವಿರಾರು ಎಕರೆಗಳಲ್ಲಿ ನೆಟ್ಟುದರಿಂದ, ಆ ತಳಿಯನ್ನು ತಿನ್ನಬಲ್ಲ ಪ್ರಭೇದಕ್ಕೆ ಮಾತ್ರ ಹಬ್ಬಲು ಅನುಕೂಲವಾಯಿತು. ‘ಈ ತಳಿಗೆ ತುಕ್ಕಿಲ್ಲ’ ಎಂಬ ಜ್ಞಾನವನ್ನು ಜನರು ನಂಬಿ ಆಚರಿಸಿದುದೇ ಆ ಜ್ಞಾನವನ್ನು ಸುಳ್ಳಾಗಿಸಿತು. ಇದು ಯುಕ್ತಿಯ ಸೋಲೂ ಅಲ್ಲ, ಸಮಾಜದ ಪಕ್ಷಪಾತವೂ ಅಲ್ಲ. ಸಮಾಜವು ಇಲ್ಲಿ ತಿಳಿಯುವವನ ಮನಸ್ಸನ್ನು ಹೊಕ್ಕುದಕ್ಕಿಂತ ಹೆಚ್ಚಾಗಿ ತಿಳಿಯಬೇಕಾದ ವಸ್ತುವನ್ನೇ ಹೊಕ್ಕಿತು. ಕೃಷಿ, ವೈದ್ಯ ಈ ಎರಡು ಶಾಸ್ತ್ರಗಳಲ್ಲಿ ಇದು ನಿತ್ಯದ ಸಂಗತಿ. ಒಂದು ಕಾಲದಲ್ಲಿ ಗುಣಕೊಟ್ಟ ಔಷಧಕ್ಕೆ ಮಣಿಯದ ರೋಗಾಣುಗಳು ಇಂದು ಹೆಚ್ಚುತ್ತಿರುವುದೂ ಇದೇ ಬಗೆಯಲ್ಲಿ. ಜ್ಯೋತಿಷ, ಭೌತಶಾಸ್ತ್ರಗಳನ್ನು ನೋಡಿ ಕಟ್ಟಿದ ಸಿದ್ಧಾಂತಗಳಲ್ಲಿ ಇದಕ್ಕೆ ಸ್ಥಳವಿಲ್ಲದಿರುವುದು ಆ ಸಿದ್ಧಾಂತಗಳ ದೊಡ್ಡ ನ್ಯೂನತೆ.

ಇದೆಲ್ಲವೂ ವಿದ್ವಾಂಸರ ವಾಗ್ವಾದವಲ್ಲವೇ, ಮನೆಮಂದಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಉತ್ತರವು ತೋಟದಲ್ಲಿಯೇ ಇರುವುದು. ೧೯೯೦ರ ದಶಕದಲ್ಲಿ ಕಾಫಿಯ ಮಾರಾಟವು ಮಂಡಲಿಯ ಕಟ್ಟಿನಿಂದ ಬಿಡುಗಡೆಯಾದಮೇಲೆ ನೆರಳಿನ ಪ್ರಶ್ನೆಯು ಮತ್ತೆ ಎದ್ದಿತು. ಅರೇಬಿಕಾದ ಸ್ಥಳದಲ್ಲಿ ಹೆಚ್ಚು ಬೆಳಕನ್ನು ಸಹಿಸುವ ರೊಬಸ್ಟಾ ಹಬ್ಬಿತು. ಅದಕ್ಕೆ ಕಾಂಡಕೊರಕದ ಭಯವೂ ತುಕ್ಕಿನ ಭಯವೂ ಕಡಿಮೆ. ಹೂಮಳೆಯು ತಪ್ಪಿದರೆ ತುಂತುರು ನೀರಾವರಿಯುಂಟು. ಅತ್ತಿ, ಬಸರಿ, ಹಲಸು, ಮತ್ತಿ, ನಂದಿಗಳಿದ್ದಲ್ಲಿ ಸಿಲ್ವರ್ ಓಕ್ ಮರವು ಮೆಣಸಿನ ಬಳ್ಳಿಯನ್ನು ಹೊತ್ತು ನಿಂತಿತು. ಇತ್ತ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರೂ ಹೊರನಾಡಿನ ವಿದ್ವಾಂಸರೂ ಕೊಡಗಿನ ದೇವರಕಾಡುಗಳನ್ನೂ ಕಾಫಿ ತೋಟಗಳನ್ನೂ ಸೇರಿಸಿ ಅಧ್ಯಯನಮಾಡಿ, ನಾಡಮರಗಳ ನೆರಳಿರುವ ತೋಟವು ಹಕ್ಕಿ, ಮರ, ಅಣಬೆಗಳ ವೈವಿಧ್ಯಕ್ಕೆ ಆಸರೆಯೆಂದು ೨೦೦೫ರಿಂದ ಈಚೆಗೆ ತೋರಿಸುತ್ತಿರುವರು. ಒಬ್ಬ ತಜ್ಞನು ಮರಗಸಿಯನ್ನು ಹೆಚ್ಚಿಸಿ ಬೆಳಕು ಬಿಡಿರೆನ್ನುವನು. ಇನ್ನೊಬ್ಬನು ಮರವನ್ನು ಮುಟ್ಟಬೇಡಿರೆನ್ನುವನು. ತೋಟದ ಒಡೆಯನೂ ಅವನ ಮಕ್ಕಳೂ ಯಾರನ್ನು ನಂಬಬೇಕು?

ಸಮಾಜಶಾಸ್ತ್ರಜ್ಞರ ಕಣ್ಣು ಇಲ್ಲಿ ಬಹಳ ಉಪಯುಕ್ತವಾದುದು. ನಾಡಮರಗಳು ಹೋಗಿ ಸಿಲ್ವರ್ ಓಕ್ ಬಂದುದಕ್ಕೆ ಕಾಫಿಯ ವಿಜ್ಞಾನವೊಂದೇ ಕಾರಣವೆಂದು ತಿಳಿಯುವುದು ತಪ್ಪು. ಮರದ ಬೆಲೆಯನ್ನು ಸರಕಾರಕ್ಕೆ ಕಟ್ಟದ ಬಾಣೆ ಜಮೀನುಗಳಲ್ಲಿ ನಾಡಮರದ ಹಕ್ಕು ಬಹುಕಾಲ ಸರಕಾರದಲ್ಲಿಯೇ ಉಳಿದಿದ್ದಿತು. ಸಿಲ್ವರ್ ಓಕನ್ನು ಕಡಿಯಲು ಅಂತಹ ತಡೆಯಿರಲಿಲ್ಲ. ತನ್ನದಲ್ಲದ ಮರವನ್ನು ಸಾಕುವುದಕ್ಕಿಂತ ತನ್ನದಾದ ಮರವನ್ನು ನೆಡುವುದು ಮನುಷ್ಯಸ್ವಭಾವ. ಇಲ್ಲಿ ಜ್ಞಾನವು ಬದಲಾಗದಿದ್ದರೂ ತೋಟವು ಬದಲಾಯಿತು. ತೋಟವು ಬದಲಾದಮೇಲೆ ಅದಕ್ಕೆ ತಕ್ಕ ಜ್ಞಾನವನ್ನು ಹುಡುಕಬೇಕಾಯಿತು. ವಿಜ್ಞಾನವು ಯಾವ ಪ್ರಶ್ನೆಯನ್ನು ಕೇಳುವುದೆಂಬುದು ಹೀಗೆ ಕಾನೂನು, ಕೂಲಿ, ಪೇಟೆಯ ಧಾರಣೆ ಇವುಗಳಿಂದ ನಿರ್ಣಯವಾಗುವುದು. ಆದರೆ ಕೇಳಿದ ಪ್ರಶ್ನೆಗೆ ಬರುವ ಉತ್ತರವು ಇವುಗಳಿಂದ ನಿರ್ಣಯವಾಗುವುದಿಲ್ಲ. ಪ್ರಶ್ನೆ ಸಮಾಜದ್ದು, ಉತ್ತರ ವಸ್ತುವಿನದು. ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದುದೇ ಎರಡು ಪಕ್ಷಗಳ ಜಗಳಕ್ಕೆ ಮೂಲ.

ನ್ಯಾಯಶಾಸ್ತ್ರವು ಕಥೆಯನ್ನು ವಾದ, ಜಲ್ಪ, ವಿತಂಡೆಯೆಂದು ಮೂರಾಗಿ ವಿಂಗಡಿಸಿರುವುದು. ಸತ್ಯವನ್ನು ತಿಳಿಯಲು ಆಡುವುದು ವಾದ. ಗೆಲ್ಲಲು ಆಡುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಪರಪಕ್ಷವನ್ನು ಕೆಡಹುವುದು ವಿತಂಡೆ. ವಿಜ್ಞಾನವು ಬದಲಾಗುವುದನ್ನು ನೋಡಿ ‘ಎಲ್ಲವೂ ಆಯಾ ಕಾಲದ ಹುಸಿ’ ಎನ್ನುವುದು ವಿತಂಡೆ. ಅಂಥವರ ಮನೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದನ್ನು ಹಾಕಿಸುವುದೂ ಬಿಡುವುದೂ ಒಂದೇ ಆಗಿಬಿಡುವುದು. ‘ಇಂದಿನ ಪುಸ್ತಕದಲ್ಲಿರುವುದೇ ಕೊನೆಯ ಮಾತು’ ಎನ್ನುವುದು ಜಲ್ಪ. ೧೮೫೪ರ ತೋಟಗಾರರು ಸಿಂಹಳದ ಪುಸ್ತಕವನ್ನು ಹಾಗೆಯೇ ಹಿಡಿದಿದ್ದರು. ಅದರ ಬೆಲೆಯನ್ನು ಘಟ್ಟದ ಇಳಿಜಾರುಗಳು ತೆತ್ತುವು. ವಾದದ ದಾರಿಯನ್ನು ಹಿಡಿದವನು ತಜ್ಞನ ಮಾತು ಕೇಳಿದೊಡನೆ ಮೂರು ಪ್ರಶ್ನೆಗಳನ್ನು ಕೇಳುವನು. ಈ ಮಾತಿನ ಉಪಾಧಿ ಯಾವುದು. ಯಾವ ಮಣ್ಣು, ಯಾವ ಮಳೆ, ಯಾವ ತಳಿಯಲ್ಲಿ ಇದು ಕಂಡುದು? ಈ ಪ್ರಶ್ನೆಯನ್ನು ಕೇಳಿದವರು ಯಾರು. ಕೇಳದೆ ಬಿಟ್ಟವರು ಯಾರು? ಎಲ್ಲರೂ ಇದನ್ನು ನಂಬಿ ಒಟ್ಟಿಗೆ ಆಚರಿಸಿದರೆ ವಸ್ತುವು ಹಾಗೆಯೇ ನಿಲ್ಲುವುದೇ? ಮೊದಲನೆಯದನ್ನು ತತ್ತ್ವಶಾಸ್ತ್ರವೂ ಎರಡನೆಯದನ್ನು ಸಮಾಜಶಾಸ್ತ್ರವೂ ಕಲಿಸಿಕೊಟ್ಟಿವೆ. ಮೂರನೆಯದನ್ನು ಕಾಫಿಯ ಎಲೆಯೇ ಕಲಿಸಿರುವುದು.

ಭಾರತದ ಕಾಫಿಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟನ್ನು ಈ ಒಂದು ಜಿಲ್ಲೆಯೇ ಬೆಳೆಯುತ್ತಿರುವುದು. ಹೀಗಿರುವಾಗ ಆ ಜ್ಞಾನದ ಚರಿತ್ರೆಗೆ ಬೇಕಾದ ಸಾಮಗ್ರಿಯೂ ಇಲ್ಲಿಯೇ ಹೆಚ್ಚಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಕೊಡಗಿನ ಎಷ್ಟೋ ಮನೆಗಳಲ್ಲಿ ದಿನದಿನದ ಮಳೆಯನ್ನು ಅಳೆದು ಬರೆದಿಟ್ಟ ಪುಸ್ತಕಗಳಿವ. ಯಾವ ವರ್ಷ ಹೂಮಳೆಯು ಎಂದು ಬಂದಿತು, ಎಷ್ಟು ಗಿಡಗಳನ್ನು ಹುಳುವಿಗಾಗಿ ಕಿತ್ತು ಸುಟ್ಟರು, ಯಾವ ಮರವನ್ನು ತೆಗೆದಮೇಲೆ ಫಸಲು ಎಷ್ಟಾಯಿತು ಎಂಬ ಲೆಕ್ಕಗಳೂ ಕೆಲವೆಡೆ ಉಳಿದಿರಬಹುದು. ಬಿಡೀಯ ವರದಿಯು ಮುದ್ರಿತವಾದುದರಿಂದ ಉಳಿಯಿತು; ಅವನಿಗಿಂತ ಮುಂಚೆ ನೆರಳಿನ ಗುಣವನ್ನು ಬಲ್ಲವರ ಮಾತು ಯಾರೂ ಬರೆದಿಡದುದರಿಂದ ಅಳಿಯಿತು. ಜಿಲ್ಲೆಯ ಸಾಹಿತ್ಯಸಂಘವು ಇಂತಹ ಪುಸ್ತಕಗಳನ್ನು ಸಂಗ್ರಹಿಸಿ, ಪ್ರತಿಮಾಡಿಸಿ, ಕನ್ನಡದಲ್ಲಿ ಪ್ರಕಟಿಸುವ ಕಾರ್ಯವನ್ನು ಕೈಕೊಂಡರೆ, ಮುಂದೆ ನೆರಳಿನ ವಿಚಾರವು ಮತ್ತೊಮ್ಮೆ ಮಗ್ಗುಲು ಬದಲಾಯಿಸುವ ಹೊತ್ತಿಗೆ ಈ ನಾಡಿನವರ ಸಾಕ್ಷ್ಯವೂ ವಾದಸಭೆಯಲ್ಲಿ ಇರುವುದು.